ತೊಗರಿ ಹಂಗಾಮು ಬಂದರೆ ದಿನಚರಿ ನಿಂತುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ಲೆಕ್ಕದವಳು, ಕಲಬುರಗಿ

ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಹೊಸ ತೊಗರಿಯ ಆವಕ ಡಿಸೆಂಬರ್ ಕೊನೆಗೆ ಶುರುವಾದರೆ ಮಾರ್ಚ್‌ವರೆಗೆ ಬಿಡುವೆಂಬುದಿಲ್ಲ. ತೂಕದ ಚೀಟಿ, ಹಮಾಲರ ಕೂಲಿ, ಲಾರಿ ಬಾಡಿಗೆ, ಜಿಎಸ್‌ಟಿ ಬಿಲ್ಲು, ಎಲ್ಲವೂ ಕಂಪ್ಯೂಟರಿನ ಟ್ಯಾಲಿ ಲೆಕ್ಕಕ್ಕೆ ಏರಿದ ಮೇಲೆಯೇ ಮನೆ. ಮನೆಗೆ ಬಂದರೆ ರೊಟ್ಟಿ ಬಡಿಯಬೇಕು, ಮಗನ ಹೋಂವರ್ಕ್ ನೋಡಬೇಕು.

ಮಳೆಗಾಲದಿಂದ ದೀಪಾವಳಿಯವರೆಗೆ ದಿನಚರಿ ಚೆನ್ನಾಗಿಯೇ ಸಾಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಕಂಡ ಹಳೆಯ ಗೆಳತಿ, ಅತ್ತೆಯ ಮಂಡಿನೋವು, ಹೀಗೆ ಏನಾದರೊಂದು ಪುಟ ತುಂಬುತ್ತದೆ. ಈಗ ಮತ್ತೆ ಆವಕ ಶುರುವಾಗಿದೆ. ರಾತ್ರಿ ಪೆನ್ನು ಹಿಡಿದರೆ ಅಂಕಿಗಳೇ ಬರುತ್ತವೆ. ತಾರೀಖು ಅಚ್ಚಾದ ಡೈರಿ ಬೇರೆ. ಖಾಲಿ ಬಿಟ್ಟ ಪುಟಗಳು ಬಾಕಿ ವಸೂಲಿಗೆ ಬಂದವರಂತೆ ಮುಖ ನೋಡುತ್ತವೆ. ಅವನ್ನು ದಾಟಿ ಬರೆಯಲು ಮನಸ್ಸಾಗುವುದಿಲ್ಲ.

ಇನ್ನೊಂದು ತೊಡಕು ಕೂಡು ಕುಟುಂಬ. ನಾದಿನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಇಷ್ಟು ಹೇಳಿದರೆ ಸಾಕಲ್ಲ! ಬೆಳಿಗ್ಗೆ ಐದಕ್ಕೆ ಏಳಿರಿ ಎಂಬ ಸಲಹೆ ದಯವಿಟ್ಟು ಬೇಡ. ಐದಕ್ಕೆ ಏಳುವುದು ನಲ್ಲಿ ನೀರು ಹಿಡಿಯುವುದಕ್ಕೆ.

ಉತ್ತರ: ಪಾಳಿಯ ನರ್ಸ್, ಬೀದರ್

ಅಕ್ಕಾ, ನನ್ನದು ಮೂರು ಪಾಳಿಯ ಕೆಲಸ. ಗಡಿಯಾರ ನೋಡಿ ಬರೆಯುವುದು ನನ್ನಿಂದಾಗದ ಮಾತು. ಪಾಳಿ ಮುಗಿದು, ಮುಂದಿನವರಿಗೆ ವರದಿ ಒಪ್ಪಿಸಿ, ಸಮವಸ್ತ್ರ ಬದಲಿಸುವ ಮುನ್ನ ನಾಲ್ಕು ಸಾಲು ಬರೆಯುತ್ತೇನೆ. ಅದು ಬೆಳಿಗ್ಗೆಯೂ ಆಗಬಹುದು, ರಾತ್ರಿಯೂ ಆಗಬಹುದು. ಮನೆ ಮುಟ್ಟಿದ ಮೇಲೆ ಬರೆಯುತ್ತೇನೆ ಎಂದುಕೊಂಡರೆ ಬರೆದ ಹಾಗೆಯೇ! ನೀವೂ ಕಂಪ್ಯೂಟರ್ ಆರಿಸುವ ಮುನ್ನ ಬರೆದು ಮಿಲ್ಲಿನ ಡ್ರಾಯರಿಗೆ ಬೀಗ ಹಾಕಿರಿ. ನಾದಿನಿಯ ಚಿಂತೆಯೂ ತಪ್ಪುತ್ತದೆ.

ಬಸ್ಸಿನಲ್ಲಿ ಮೊಬೈಲಿಗೆ ಹೇಳಿ ಬರೆಸುವುದನ್ನೂ ನೋಡಿದೆ. ಬೀದರಿನ ನಮ್ಮ ಮಾತಿನಲ್ಲಿ ಉರ್ದು, ಮರಾಠಿ ಎಲ್ಲ ಬೆರೆತಿರುತ್ತದೆ. ನಾನು ಹೇಳಿದ್ದು ಒಂದು, ಅದು ಬರೆದದ್ದು ಇನ್ನೊಂದು. ತಿದ್ದುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದಿರುತ್ತದೆ.

ಉತ್ತರ: ನಿವೃತ್ತ ಗುಮಾಸ್ತ, ಸುರಪುರ

ತಂಗೀ, ಆ ಡೈರಿಯನ್ನು ಮೊದಲು ಯಾರಿಗಾದರೂ ಕೊಟ್ಟುಬಿಡಿರಿ. ಸಾದಾ ವಹಿ ತಂದು, ಬರೆದ ದಿನದ ತಾರೀಖನ್ನು ನೀವೇ ಹಾಕಿರಿ. ಬಿಟ್ಟ ದಿನ ಕಣ್ಣಿಗೆ ಬೀಳುವುದೇ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆಸಿದ್ದರು. ರೂಢಿ ಕೂಡಿಬರಲು ಒಬ್ಬೊಬ್ಬರಿಗೆ ಒಂದೊಂದು ಕಾಲ ಹಿಡಿಯುತ್ತದೆ, ಅವರ ಅಂದಾಜಿನಲ್ಲಿ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. 21 ದಿನದಲ್ಲಿ ರೂಢಿ ಕೂಡಿಬರುತ್ತದೆ ಎಂಬ ಕಥೆ ಹೇಳುವವರನ್ನು ನಂಬಬೇಡಿರಿ.

ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೌಕರಿಯಲ್ಲಿದ್ದಾಗ ಆ ಮಧ್ಯಾಹ್ನಗಳಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆ. ಜಮಾಬಂದಿ, ಅಂದರೆ ವರ್ಷದ ಲೆಕ್ಕ ತಪಾಸಣೆ, ಬಂದರೆ ಒಂದೇ ಸಾಲು. ಸರ್ಕಾರಕ್ಕೇ ಎರಡು ವೇಳಾಪಟ್ಟಿ ಇರುವಾಗ ನಿಮಗೇಕೆ ಒಂದೇ?

ಅಂಕಿಗಳು ಬಂದರೆ ಬರಲಿ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೈ ದೊಡ್ಡ ವ್ಯಾಪಾರಿ, ನಮಗಿಂತ ಬಿಡುವಿಲ್ಲದವರು. 1736ರಿಂದ 1761ರವರೆಗಿನ ಅವರ ತಮಿಳು ದಿನಚರಿಯಲ್ಲಿ ಹಡಗು ಬಂದದ್ದು, ಸರಕಿನ ವ್ಯವಹಾರ, ಮನೆಯ ಸಂಗತಿ ಎಲ್ಲ ಒಟ್ಟಿಗೇ ಇವೆ.

ಉತ್ತರ: ಹೊಲದವ, ಆಳಂದ

ಎಲ್ಲರೂ ಬರೆಯುವುದರ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ವಹಿ ಉಳಿದದ್ದು ಓದುವುದರಿಂದ. ಬಿತ್ತಿದ ದಿನ, ಮಳೆ, ಯಾವ ಮೂಲೆಯ ತೊಗರಿಗೆ ನೆಟೆ ರೋಗ ಬಿತ್ತು, ಗಂಜ್ ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಮಾರಿದೆ, ಇವನ್ನು ಬರೆಯುತ್ತೇನೆ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಬಿತ್ತನೆಗೆ ಮುನ್ನ ಹಳೆಯ ಪುಟ ತೆರೆಯದೆ ಗತಿಯಿಲ್ಲ. ತೆರೆದಾಗ ಪಕ್ಕದ ಸಾಲು ಸಿಗುತ್ತದೆ: ಅವ್ವ ಬುತ್ತಿ ತಂದವಳು ಬದುವಿನ ಮೇಲೆ ಕುಳಿತು, ಸಾಲು ಸೊಟ್ಟ ಹೊಡೆದಿದ್ದೀಯ ಎಂದು ಬೈದದ್ದು. ಅದನ್ನು ಓದಿದ ಸಂಜೆ ಬರೆಯಲು ಯಾರೂ ಹೇಳಬೇಕಾಗಿಲ್ಲ. ಅಕ್ಕಾ, ವಾರಕ್ಕೊಮ್ಮೆ ಹೋದ ವರ್ಷದ ಇದೇ ವಾರವನ್ನು ಓದಿರಿ.

ಲೆಕ್ಕದವಳು, ಕಲಬುರಗಿ

ಹೋದ ವರ್ಷದ ಈ ವಾರ ಖಾಲಿ ಇದೆಯಲ್ಲ, ಅಣ್ಣಾ! ಮುಂದಿನ ವರ್ಷಕ್ಕೆ ಇರಲಿ. ಸಿಸ್ಟರ್, ಡ್ರಾಯರಿನ ಇನ್ನೊಂದು ಕೀಲಿ ಮಾಲೀಕರ ಬಳಿ ಇದೆ, ಆದ್ದರಿಂದ ಟಿಫಿನ್ ಚೀಲದಲ್ಲಿ ಹಿಡಿಯುವಂಥ ಸಣ್ಣ ವಹಿ ತಂದಿದ್ದೇನೆ. ದಿನಕ್ಕೆ ಎರಡು ಸಾಲು: ಮೊದಲಿನದು ಮಿಲ್ಲಿನದು, ಎರಡನೆಯದು ನನ್ನದು. ಇಂದಿನದು ಹೀಗಿದೆ: ‘ಆವಕ ಕಡಿಮೆ, ತೇವ ಹೆಚ್ಚು. ಹಮಾಲರ ಮುಖಂಡರು ಮಗಳ ಮದುವೆಯ ಕಾರ್ಡು ಕೊಟ್ಟರು. ಲಕೋಟೆಯ ಮೇಲೆ ನನ್ನ ಹೆಸರಿಲ್ಲ, ಲೆಕ್ಕದ ಅಕ್ಕನವರಿಗೆ ಎಂದಿದೆ.’

ಹೊಲದವ, ಆಳಂದ

ಮದುವೆಯ ತಾರೀಖು ಬರೆದುಕೊಂಡಿರೋ ಇಲ್ಲವೋ?