ಮೆಲ್ಬರ್ನ್‌ಗೆ ಬರುವ ಮುಂಚೆ ಈ ಎರಡು ವಿಷಯ ಮನೇಲಿ ಮಾತಾಡಿ

ಚಿಕ್ಕಬಳ್ಳಾಪುರದಿಂದ ಬರೆದಿರುವ ತಮ್ಮನಿಗೆ,

ಮನೆಯವರ ಜೊತೆ ಮೆಲ್ಬರ್ನ್‌ಗೆ ಬರಬಹುದಾ ಅಂತ ಕೇಳಿದ್ದೀರಿ. ಸಂಬಳ, ಬಾಡಿಗೆ, ಶಾಲೆ ಬಗ್ಗೆ ಉಳಿದವರು ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾನು ಕೋವಿಡ್ ಲಾಕ್‌ಡೌನ್ ವಿಷಯಕ್ಕೆ ಬರ್ತೀನಿ. ಅದು ಮುಗಿದ ಕತೆ ಅಂತ ಎಲ್ಲರೂ ಲೆಕ್ಕದಿಂದಲೇ ಕೈಬಿಟ್ಟಿದ್ದಾರೆ.

2020ರ ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಗಡಿ ಮುಚ್ಚಿತು. ಪೌರರು, ಪಿಆರ್ (ಕಾಯಂ ಆಗಿ ಇಲ್ಲಿರೋ ವೀಸಾ) ಇದ್ದವರು 14 ದಿನ ಹೋಟೆಲ್ ಕ್ವಾರಂಟೈನ್ ಮಾಡಿ ಒಳಗೆ ಬರಬಹುದಿತ್ತು, ಆದರೆ ದೇಶ ಬಿಟ್ಟು ಹೊರಡೋಕೂ ಸರ್ಕಾರದ ಅನುಮತಿ ಬೇಕಿತ್ತು. ತಾತ್ಕಾಲಿಕ ವೀಸಾದವರು ಊರಿಗೆ ಹೋದರೆ ವಾಪಸ್ ಬರ್ತೀವಿ ಅನ್ನೋ ಖಾತ್ರಿಯೇ ಇರಲಿಲ್ಲ. ಗಂಡ ಇಲ್ಲಿ, ಹೆಂಡತಿ ಮಗು ಅಲ್ಲಿ ಅಂತ ಸಿಕ್ಕಿಹಾಕಿಕೊಂಡವರನ್ನ ಕಣ್ಣಾರೆ ಕಂಡಿದ್ದೀನಿ. 2021ರ ಮೇ ತಿಂಗಳ ಮೊದಲರ್ಧದಲ್ಲಂತೂ ಭಾರತದಿಂದ ಹೊರಟ ಇಲ್ಲಿನ ಪೌರರಿಗೇ ಪ್ರವೇಶ ಇರಲಿಲ್ಲ, ಮೀರಿದರೆ ದಂಡ, ಜೈಲು ಅಂದಿದ್ದರು. ಅಪ್ಪ ಅಮ್ಮನನ್ನ ಹತ್ತಿರದ ಕುಟುಂಬ ಅಂತ ಒಪ್ಪಿ ಒಳಗೆ ಬಿಟ್ಟಿದ್ದು ಆ ವರ್ಷ ನವೆಂಬರ್‌ನಲ್ಲಿ.

ಊರಲ್ಲಿ ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕೋ ಮನೆ. ಮೊದಲ ಲಾಕ್‌ಡೌನ್‌ನಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ಹಂತದಿಂದ, ಎದ್ದಿತ್ತು. ಆಗ ಅದು ಸೊಪ್ಪು ತಿನ್ನೋದು ನೋಡಿದವರಿಗೇ ಗೊತ್ತು, ಮನೆಯೊಳಗೆ ಮಳೆ ಬಿದ್ದಂಗೆ ಸದ್ದು. ಕೂಲಿಯವರು ಬರೋ ಹಾಗಿಲ್ಲ, ಅಪ್ಪ ಅಮ್ಮ ಇಬ್ಬರೇ ಹಿಪ್ಪುನೇರಳೆ ಕೊಯ್ದು ಹೊತ್ತು ತಂದು ಹಾಕಿದರು. ನಾನು ಗಾಬರಿಯಿಂದ ಫೋನ್ ಮಾಡಿದರೆ ಅಮ್ಮ, "ಹುಳು ಹಣ್ಣಾಗೈತೆ, ಚಂದ್ರಿಕೆಗೆ ಬಿಡಬೇಕು, ಆಮೇಲೆ ಮಾಡು" ಅಂತ ಫೋನ್ ಇಟ್ಟುಬಿಟ್ಟರು. ಹಣ್ಣಾಗೋದು ಅಂದರೆ ಹುಳು ಗೂಡು ಕಟ್ಟೋಕೆ ಸಿದ್ಧವಾಗೋದು, ಚಂದ್ರಿಕೆ ಅಂದರೆ ಅದು ಗೂಡು ಕಟ್ಟೋ ತಟ್ಟೆ. ಗೂಡು ಕಟ್ಟಿದ ಮೇಲೂ ನೆಮ್ಮದಿ ಇಲ್ಲ. ಹೆಚ್ಚು ದಿನ ಇಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತೆ, ನೂಲು ತೆಗೆಯೋ ರೀಲರ್ ಮುಟ್ಟೋದಿಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ಅಪ್ಪನಿಗೆ ಜ್ವರ ಬಂದಾಗ ಪಕ್ಕದ ಮನೆ ಹುಡುಗ ಬೆಳಿಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ಫೋಟೋ ಕಳಿಸುತ್ತಿದ್ದ. ಆ ಹುಡುಗನ ಋಣ ನಾನು ತೀರಿಸೋಕೆ ಆಗೋದಲ್ಲ.

ಮಕ್ಕಳ ವಿಷಯ ಬೇರೆ ಥರ. ಮೆಲ್ಬರ್ನ್‌ನಲ್ಲಿ ಆರು ಲಾಕ್‌ಡೌನ್ ಸೇರಿ 262 ದಿನ. ಒಂದು ಹಂತದಲ್ಲಿ ಮನೆಯಿಂದ 5 ಕಿಲೋಮೀಟರ್ ಆಚೆ ಹೋಗೋ ಹಾಗಿಲ್ಲ, ರಾತ್ರಿ ಎಂಟಕ್ಕೆ ಕರ್ಫ್ಯೂ. ಆದರೂ ಮಗಳ ಪಾಠ ನಿಲ್ಲಲಿಲ್ಲ. ದಿನಾ ವಿಡಿಯೋದಲ್ಲಿ ಅಜ್ಜಿ ಹೇಳೋ ಕತೆ ಕೇಳಿ ಕೇಳಿ ಅವಳ ಕನ್ನಡ ಗಟ್ಟಿಯಾಗಿದ್ದೂ ಆಗಲೇ. ಊರಲ್ಲಿ ನಮ್ಮಕ್ಕನ ಮಕ್ಕಳಿಗೆ ಮನೇಲಿ ಇದ್ದಿದ್ದು ಒಂದೇ ಫೋನ್. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಚಿಕ್ಕವನು ಕಾಗುಣಿತ ಮರೆತಿದ್ದ, ಅಕ್ಕ ಮತ್ತೆ ಮೊದಲಿಂದ ಬರೆಸಿದಳು.

ಹಾಗಾಗಿ ಬರಬೇಡಿ ಅನ್ನಲ್ಲ. ಮಕ್ಕಳ ದೃಷ್ಟಿಯಿಂದ ಬನ್ನಿ ಅಂತಲೇ ಹೇಳ್ತೀನಿ. ಆದರೆ ಸಾಧ್ಯವಾದರೆ 189 ಅಥವಾ 190ನೇ ನಂಬರಿನ ವೀಸಾ, ಅಂದರೆ ಪಿಆರ್ ಕೈಗೆ ಬಂದ ಮೇಲೆ ಬನ್ನಿ. ಕಂಪನಿ ಕೊಡಿಸೋ 482 ಬೇಗ ಸಿಗಬಹುದು, ಅದು ತಾತ್ಕಾಲಿಕ ವೀಸಾ. ಇನ್ನೊಂದು, ವಿಮಾನ ನಿಂತ ದಿನ ಅಪ್ಪ ಅಮ್ಮನ ಹತ್ತಿರ ಯಾರು ಹೋಗ್ತಾರೆ ಅನ್ನೋದನ್ನ ಅವರನ್ನೂ ಕೂರಿಸಿಕೊಂಡೇ ಮಾತಾಡಿ. ನಿಮಗೆ ಬಂದಿರೋದು ಯಾವ ವೀಸಾ, ಒಡಹುಟ್ಟಿದವರು ಯಾರಾದರೂ ಊರಲ್ಲೇ ಇರ್ತಾರಾ ಅಂತ ಬರೆಯಿರಿ, ಮುಂದಿನದು ನೋಡೋಣ.