ಸೆಕೆಗೆ ಕರಗದಂತೆ, ನೀರು ಬೆರೆಸದೆ ಬಾಡಿ ಬಟರ್ ಮಾಡುವ ಬಗೆ

ಬದಿಯಡ್ಕದ ತೋಟದಾಕೆ:
ಮನೆಯ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಆಡಿಸಿದ ತೆಂಗಿನೆಣ್ಣೆಯನ್ನು ಅಷ್ಟೇ ತೂಕದ ಶಿಯಾ ಬೆಣ್ಣೆಯೊಂದಿಗೆ (ಆಫ್ರಿಕದ ಶಿಯಾ ಮರದ ಬೀಜದ ಕೊಬ್ಬು) ಕರಗಿಸಿ ಮೈಗೆ ಹಚ್ಚುವ ಬಾಡಿ ಬಟರ್ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಹದವಾಗಿಯೇ ಇರುವ ಅದು ಏಪ್ರಿಲ್ ಬಂತೆಂದರೆ ಕರಡಿಗೆಯೊಳಗೇ ನೀರಾಗುತ್ತದೆ; ತಣಿದ ಮೇಲೆ ಬೆರಳಿಗೆ ರವೆಯಂತೆ ತರಿತರಿಯಾಗಿ ಸಿಗುತ್ತದೆ. ಜೇನುಮೇಣ ಹೆಚ್ಚಿಸಿದರೆ ಮೈ ಅಂಟಂಟಾಗುತ್ತದೆ. ಹಿತ್ತಿಲಿನ ಲೋಳೆಸರದ ತಿರುಳನ್ನು ಇದಕ್ಕೆ ಸೇರಿಸಬಹುದೇ, ವಿಟಮಿನ್ ಇ ಹಾಕಿದರೆ ಕೆಡದೆ ಉಳಿಯುತ್ತದೆಯೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಪೆರ್ಲದಿಂದ:
ತೆಂಗಿನೆಣ್ಣೆ ಸುಮಾರು 24–25 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ನಮ್ಮ ಬೇಸಗೆಯಲ್ಲಿ ಅದರಿಂದ ಗಟ್ಟಿತನವನ್ನು ನಿರೀಕ್ಷಿಸುವಂತಿಲ್ಲ. ಜೇನುಮೇಣ 62 ಡಿಗ್ರಿಯ ಆಸುಪಾಸಿನವರೆಗೆ ಕರಗದು, ಹಾಗಾಗಿ ಮೈಮೇಲೆಯೂ ಮೇಣವಾಗಿಯೇ ಉಳಿಯುತ್ತದೆ. ಕರಡಿಗೆಯಲ್ಲಿ ನಿಂತು, ಉಜ್ಜಿದಾಗ ಸಡಿಲವಾಗುವ ಕೊಬ್ಬು ಪುನರ್ಪುಳಿಯ (ಕೋಕಂ) ಬೀಜದಲ್ಲಿದೆ. ಸಿಪ್ಪೆಯನ್ನು ಶರಬತ್ತಿಗೆಂದು ಒಣಗಿಸಿ ಬೀಜವನ್ನು ಬಿಸಾಡುವ ಮನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ ಎಂಬುದು ಬೇರೆ ಮಾತು. ಗಟ್ಟಿತನ ಕೊಡುವ ಸ್ಟಿಯರಿಕ್ ಆಮ್ಲ ಹೇರಳವಾಗಿರುವ ಈ ಕೊಬ್ಬು ಕರಗುವುದು 38–40 ಡಿಗ್ರಿಯಲ್ಲಿ. ಒಂದನ್ನೇ ಬಳಸಿದರೆ ಪುಡಿಯಾಗುವಷ್ಟು ಗಡಸು, ಆದ್ದರಿಂದ ಬೆರಕೆ ಅಗತ್ಯ.

ನೂರು ಗ್ರಾಮಿಗೆ ಪುನರ್ಪುಳಿ ಕೊಬ್ಬು 35, ಶಿಯಾ 30, ತೆಂಗಿನೆಣ್ಣೆ 15, ಎಳ್ಳೆಣ್ಣೆ 15, ಕೂವೆ ಹುಡಿ (ಆರಾರೂಟ್) 4, ವಿಟಮಿನ್ ಇ 1 ಗ್ರಾಂ ಎಂಬ ಲೆಕ್ಕದಿಂದ ಆರಂಭಿಸಿ. ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು. ಕೂವೆ ಹುಡಿ ಜಿಡ್ಡನ್ನು ಹೀರುತ್ತದೆ. ತರಿ ಕಟ್ಟುವುದಕ್ಕೆ ಕಾರಣ ನಿಧಾನವಾಗಿ ತಣಿಯುವುದು: ಹೆಚ್ಚು ಶಾಖದಲ್ಲಿ ಕರಗುವ ಅಂಶಗಳು ಮೊದಲೇ ಹೆಪ್ಪುಗಟ್ಟಿ ದೊಡ್ಡ ಹರಳುಗಳಾಗುತ್ತವೆ. ಕುದಿನೀರಿನ ಪಾತ್ರೆಯ ಮೇಲಿಟ್ಟು ಒಂದು ಹರಳೂ ಉಳಿಯದಂತೆ ಕರಗಿಸಿ, ಇಳಿಸಿದ ಮೇಲೆ ವಿಟಮಿನ್ ಇ ಮತ್ತು ಹುಡಿಯನ್ನು ಬೆರೆಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಅಂಚು ಮಬ್ಬಾಗತೊಡಗಿದಾಗ ತೆಗೆದು ಕಡೆಯಿರಿ.

ಮಂಜೇಶ್ವರದಿಂದ:
ಮೇಲಿನ ಲೆಕ್ಕ ಸರಿಯಿದೆ. ಲೋಳೆಸರವನ್ನು ಮಾತ್ರ ಖಂಡಿತ ಸೇರಿಸಬೇಡಿ ಅಕ್ಕ. ಅದರ ಬಹುಪಾಲು ನೀರೇ ಆಗಿದ್ದು, ಎಣ್ಣೆಯೊಂದಿಗೆ ಕೂಡದೆ ಹನಿಹನಿಯಾಗಿ ಉಳಿದು ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ನೆಲೆಯಾಗುತ್ತದೆ. ಪನ್ನೀರು, ಹಸಿ ತುಳಸಿಗೂ ಇದೇ ಮಾತು ಅನ್ವಯಿಸುತ್ತದೆ. ಸೊಪ್ಪಿನ ಗುಣ ಬೇಕಿದ್ದರೆ ಗರಿಗರಿಯಾಗಿ ಒಣಗಿಸಿ ಎಣ್ಣೆಯಲ್ಲಿ ನೆನೆಹಾಕಬೇಕು. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ನಿಧಾನಿಸುತ್ತದೆಯೇ ಹೊರತು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ಸಂರಕ್ಷಕವಿಲ್ಲದೆ ಇಂಥವು ಬಾಳುವುದು ನೀರು ಸೋಕದಿದ್ದರೆ ಮಾತ್ರ, ಆದ್ದರಿಂದ ಬಚ್ಚಲಿನಲ್ಲಿ ಒದ್ದೆ ಕೈ ಅದ್ದುವ ಅಭ್ಯಾಸ ಬೇಡ.

ಬದಿಯಡ್ಕದ ತೋಟದಾಕೆ:
ಇಬ್ಬರಿಗೂ ಧನ್ಯವಾದಗಳು. ಇದನ್ನೇ ತೆಳ್ಳಗೆ ಮಾಡಿ, ವಿಟಮಿನ್ ಸಿ ಹುಡಿ ಬೆರೆಸಿದರೆ ಮುಖದ ಸೀರಮ್ ಆಗಬಹುದೇ? ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ) ಮೇಳದಲ್ಲಿ ಮಾರುವ ಆಸೆಯೂ ಇದೆ.

ಮಂಜೇಶ್ವರದಿಂದ:
ಆ ಹುಡಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ನೀರಿನಲ್ಲಿ ಕರಗುವಂಥದ್ದು. ಎಣ್ಣೆಯಲ್ಲಿ ತಳಕ್ಕಿಳಿದು ಚರ್ಮವನ್ನು ಗೀರುತ್ತದೆ. ಎಣ್ಣೆಯಲ್ಲಿ ಕರಗುವ ಅದರ ರೂಪಗಳು ಬೇರೆಯೇ ಸಿಗುತ್ತವೆ. ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ಒಳ್ಳೆಯದಲ್ಲ, ಸ್ಕ್ವಾಲೇನ್ ಎಂಬ ತೆಳು ಎಣ್ಣೆ ಹಗುರ. ಎಣ್ಣೆಯ ಸೀರಮ್ ತೇವವನ್ನು ಹಿಡಿದಿಡುತ್ತದೆ, ತಾನಾಗಿ ಕೊಡುವುದಿಲ್ಲ. ಮುಖ ತೊಳೆದು ಪಸೆ ಆರುವ ಮೊದಲೇ ಹಚ್ಚಬೇಕು. ಮಾರಾಟಕ್ಕೆಂದು ತಯಾರಿಸುವುದಾದರೆ 2020ರ ಸೌಂದರ್ಯವರ್ಧಕಗಳ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಅದು ಕೈಸೇರುವವರೆಗೆ ಮನೆಯವರಿಗಷ್ಟೇ ಮಾಡಿಕೊಳ್ಳಿ.