ಅಡಿಕೆ ಸಂಘದ ಸಾಫ್ಟ್‌ವೇರ್: ಎಲ್ಲವನ್ನೂ ಬೇರೆ ಬೇರೆ ಸೇವೆಗಳಾಗಿ ಒಡೆಯಬೇಕೆ?

ಶಾಲ್ಮಲಾ ತೀರ (ಶಿರಸಿ)
ಶಿರಸಿಯಲ್ಲಿ ಮುಖ್ಯ ಯಾರ್ಡು, ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ಶಾಖೆ ಇರುವ ಅಡಿಕೆ ಮಾರಾಟ ಸಂಘವೊಂದು ಸಾಫ್ಟ್‌ವೇರ್ ಬದಲಿಸಲು ಹೊರಟಿದೆ. ಈಗಿರುವುದು ಒಂದೇ ಪ್ರೋಗ್ರಾಂ, ಒಂದೇ ಡೇಟಾಬೇಸ್. ಆವಕ, ತೂಕ, ಟೆಂಡರ್, ಬಿಲ್ಲು, ಸದಸ್ಯರ ಖಾತೆ, ಸಾಲ, ಕಿರಾಣಿ ವಿಭಾಗ, ಇ-ಇನ್‌ವಾಯ್ಸ್ (ಜಿಎಸ್‌ಟಿಗಾಗಿ ಸರಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲು) ಎಲ್ಲ ಅದರೊಳಗೇ. ಕಿರಾಣಿ ರಸೀದಿಯ ನಮೂನೆ ಬದಲಿಸಬೇಕೆಂದರೂ ಅಂದಿನ ಟೆಂಡರ್ ಮುಗಿಯುವ ತನಕ ಕಾಯಬೇಕು. ಹೊಸ ಪ್ರಸ್ತಾವದಲ್ಲಿ ಹದಿನಾಲ್ಕು ಮೈಕ್ರೋಸರ್ವಿಸ್, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಬೇರೆ ಬೇರೆ ನಡೆಯುವ ಸಣ್ಣ ಪ್ರೋಗ್ರಾಂಗಳು, ಇವೆ. ನೋಡಿಕೊಳ್ಳಲಿಕ್ಕೆ ಮೂರು ಜನ. ಇದು ಸರಿಯೇ?

ಕಾಳಿ ಸಂಗಮ (ಕಾರವಾರ)
ಸಂಖ್ಯೆ ನೋಡುವ ಮೊದಲು ಗಡಿ ಎಲ್ಲಿ ಹಾಕಿದ್ದಾರೆ ನೋಡಿ. ಸೇವೆಗಳಾಗಿ ಕಟ್ಟುವ ಕ್ರಮ ಹೊಸದಲ್ಲ. ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳಿಸುವ ಸೋಪ್ 2000ದಲ್ಲಿ, ಸೇವೆಯೊಂದು ಏನು ಕೊಡುತ್ತದೆ ಎಂದು ವಿವರಿಸುವ ಡಬ್ಲ್ಯೂಎಸ್‌ಡಿಎಲ್ 2001ರಲ್ಲಿ ಬಂದ ಮೇಲೆ ದೊಡ್ಡ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳು ಈ ದಾರಿ ಹಿಡಿದವು. ಕೆಟ್ಟದ್ದು ಸೇವೆಗಳ ನಡುವೆ ಕೂತ ಇಎಸ್‌ಬಿ (ಎಂಟರ್‌ಪ್ರೈಸ್ ಸರ್ವಿಸ್ ಬಸ್) ಎಂಬ ತಂತ್ರಾಂಶದಲ್ಲಿ. ಸಂದೇಶ ದಾಟಿಸುವುದಷ್ಟೇ ಅದರ ಕೆಲಸವಾಗಿತ್ತು, ಆದರೆ ಬಡ್ಡಿ ಲೆಕ್ಕ, ರಿಯಾಯಿತಿ ನಿಯಮ ಎಲ್ಲ ಅದರೊಳಗೆ ಸೇರಿಕೊಂಡವು. ಕಾಲಂ ಒಂದನ್ನು ಸೇರಿಸಲಿಕ್ಕೂ ಆ ತಂಡದ ಮುಂದೆ ಸರದಿ ನಿಲ್ಲಬೇಕಾಯಿತು. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಮೈಕ್ರೋಸರ್ವಿಸ್ ಎಂಬ ಹೆಸರು ಎಲ್ಲೆಡೆ ಹರಡಿತು. ವ್ಯವಹಾರದ ನಿಯಮ ಸೇವೆಯೊಳಗೇ ಇರಬೇಕು, ಪ್ರತಿ ಸೇವೆಯ ಡೇಟಾ ಅದರ ಕೈಯಲ್ಲೇ ಇರಬೇಕು ಎಂಬುದು ಅದರ ತಿರುಳು.

ಹಾಗಾಗಿ ಪ್ರಸ್ತಾವ ಕೊಟ್ಟವರಿಗೆ ಮೊದಲು ಕೇಳಬೇಕಾದ್ದು: ಹದಿನಾಲ್ಕೂ ಸೇವೆ ಒಂದೇ ಡೇಟಾಬೇಸಿಗೆ ಕೈ ಹಾಕುತ್ತವೆಯೇ? ಹೌದು ಎಂದರೆ ಒಡೆದು ಏನೂ ಲಾಭವಿಲ್ಲ. ಒಂದು ಟೇಬಲ್ ಬದಲಾದರೆ ಹದಿನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು.

ದೇವಿಮನೆ ಘಟ್ಟ
ಡೇಟಾಬೇಸ್ ಬೇರೆ ಮಾಡಿದರೆ ಕಷ್ಟ ಇನ್ನೂ ಹೆಚ್ಚು ಮಾರಾಯ್ರೆ. ಒಂದು ಬಿಲ್ಲು ಆಗಲಿಕ್ಕೆ ಐದು ಸೇವೆ ಒಂದರ ಹಿಂದೊಂದು ಉತ್ತರಿಸಬೇಕು, ಪ್ರತಿಯೊಂದೂ ಶೇ. 99.5 ಹೊತ್ತು ನಡೆಯುತ್ತದೆ ಎಂದಿಟ್ಟುಕೊಳ್ಳಿ. ಐದನ್ನೂ ಗುಣಿಸಿದರೆ ಶೇ. 97.5. ಮೂವತ್ತು ದಿನದ ತಿಂಗಳಿಗೆ ಒಂದೇ ಪ್ರೋಗ್ರಾಂ 3.6 ಗಂಟೆ ನಿಂತರೆ, ಈ ಸರಪಳಿ ಹತ್ತಿರ ಹತ್ತಿರ 18 ಗಂಟೆ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡದು ಲೆಕ್ಕದ ವಿಷಯ. ರಾಶಿಯೋ (ಬೇಯಿಸಿದ ಕೆಂಪಡಿಕೆ) ಚಾಲಿಯೋ (ಒಣಗಿಸಿ ಸುಲಿದ ಬಿಳಿ ಅಡಿಕೆ) ಒಂದು ಲಾಟು ಮಾರಾಟವಾದರೆ ವ್ಯಾಪಾರಸ್ಥರ ಹೆಸರಿಗೆ ಖರ್ಚು, ಸದಸ್ಯರ ಖಾತೆಗೆ ಜಮಾ, ಅದರಲ್ಲಿ ಹಮಾಲಿ ಮತ್ತು ಕಮಿಷನ್ ಕಡಿತ, ಸಾಲದ ಕಂತಿನ ವಸೂಲಿ. ಈ ನಾಲ್ಕೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಒಂದೇ ಡೇಟಾಬೇಸಿನಲ್ಲಿ ಇದು ಒಂದು ಟ್ರಾನ್ಸಾಕ್ಷನ್, ಮುಗಿಯಿತು. ಒಡೆದರೆ 'ಸಾಗಾ' ಬರೆಯಬೇಕು, ಅಂದರೆ ಪ್ರತಿ ಹೆಜ್ಜೆಗೂ ಅದನ್ನು ರದ್ದು ಮಾಡುವ ಇನ್ನೊಂದು ಹೆಜ್ಜೆ. ಜಮಾ ಆದ ಹಣವನ್ನು ಸದಸ್ಯರು ತೆಗೆದುಕೊಂಡು ಹೋದ ಮೇಲೆ ಕಂತಿನ ಹೆಜ್ಜೆ ಸೋತರೆ ಯಾವುದನ್ನು ರದ್ದು ಮಾಡುತ್ತೀರಿ? ಅಮೆಜಾನ್ ಪ್ರೈಮ್ ವಿಡಿಯೋದವರೇ 2023ರಲ್ಲಿ ತಮ್ಮ ವಿಡಿಯೋ ಗುಣಮಟ್ಟ ತಪಾಸಣೆಯ ಬಿಡಿ ಭಾಗಗಳನ್ನು ಒಂದೇ ಪ್ರೋಗ್ರಾಮಿಗೆ ಸೇರಿಸಿ, ಖರ್ಚು ಶೇ. 90ಕ್ಕಿಂತ ಹೆಚ್ಚು ಇಳಿಯಿತೆಂದು ಬರೆದಿದ್ದಾರೆ.

ಕಾಳಿ ಸಂಗಮ
ಅದು ಒಂದು ತಪಾಸಣೆ ಉಪಕರಣದ ಮಾತು. ಇಡೀ ಕಂಪನಿ ಸೇವೆಗಳನ್ನು ಬಿಟ್ಟಿತು ಎಂದು ಓದಬಾರದು. ಆದರೆ ಬಿಲ್ಲಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ತೂಕ, ಟೆಂಡರ್, ಬಿಲ್ಲು, ಖಾತೆ ಒಟ್ಟಿಗಿರಲಿ, ಒಳಗೆ ಮಾಡ್ಯೂಲ್ ಗಡಿ ಮಾತ್ರ ಬಿಗಿಯಾಗಿರಲಿ. ಹೊರಗಿನವರನ್ನು ಕಾಯಬೇಕಾದದ್ದು ಮಾತ್ರ ಹೊರಗೆ ಹೋಗಲಿ: ಇ-ಇನ್‌ವಾಯ್ಸ್, ಬ್ಯಾಂಕ್ ಪಾವತಿ, ಎಸ್ಎಂಎಸ್. ಬಿಲ್ಲು ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ 'ಕಳಿಸಬೇಕಾದ್ದು' ಎಂಬ ಟೇಬಲಿಗೂ ಒಂದು ಸಾಲು ಬರೆಯಿರಿ. ಬೇರೆ ಸೇವೆ ಆ ಸಾಲು ಎತ್ತಿ ಕಳಿಸಲಿ. ಪೋರ್ಟಲ್ ನಿಂತರೂ ಯಾರ್ಡಿನ ಕೆಲಸ ನಿಲ್ಲುವುದಿಲ್ಲ, ಪೋರ್ಟಲ್ ಎದ್ದ ಮೇಲೆ ಸರದಿ ತಾನೇ ಕರಗುತ್ತದೆ.

ಗಂಗಾವಳಿ (ಅಂಕೋಲಾ)
ಇ-ಇನ್‌ವಾಯ್ಸನ್ನು ಬೇರೆ ಸೇವೆ ಮಾಡಲಿಕ್ಕೆ ಇನ್ನೊಂದು ಕಾರಣವಿದೆ: ಅದರ ನಿಯಮ ಬದಲಾಗುವ ವೇಗ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಶುರುವಾದ ಕಡ್ಡಾಯ 2023ರ ಆಗಸ್ಟ್‌ಗೆ 5 ಕೋಟಿಗೆ ಇಳಿಯಿತು. ಆ ಬದಲಾವಣೆ ಟೆಂಡರ್ ಪ್ರೋಗ್ರಾಮನ್ನು ಮುಟ್ಟಬಾರದು.

ಎಡವುವ ಜಾಗವನ್ನೂ ಹೇಳುತ್ತೇನೆ. ಐಆರ್‌ಎನ್, ಅಂದರೆ ಪ್ರತಿ ಇ-ಇನ್‌ವಾಯ್ಸಿನ ಗುರುತು ಸಂಖ್ಯೆ, 64 ಅಕ್ಷರದ ಹ್ಯಾಶ್ (ಬಿಲ್ಲಿನ ವಿವರದಿಂದ ಲೆಕ್ಕ ಹಾಕಿದ ಸಂಕೇತ). ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ದಾಖಲೆ ಸಂಖ್ಯೆ, ಆರ್ಥಿಕ ವರ್ಷ ಸೇರಿ ಆಗುವಂಥದ್ದು. ಬಿಲ್ಲು ಕಳಿಸಿ ಉತ್ತರ ಬರುವಷ್ಟರಲ್ಲಿ ಲೈನ್ ಹೋಯಿತು ಎನ್ನಿ. ಮತ್ತೆ ಕಳಿಸಿದರೆ 2150, ಅಂದರೆ 'ಡೂಪ್ಲಿಕೇಟ್ ಐಆರ್‌ಎನ್' ಎಂಬ ಉತ್ತರ ಬರುತ್ತದೆ. ಇದನ್ನು ಸೋಲು ಎಂದು ಬರೆದಿಟ್ಟು ಬಿಲ್ಲಿಗೆ ಹೊಸ ಸಂಖ್ಯೆ ಕೊಟ್ಟರೆ ಒಂದೇ ಲಾಟಿಗೆ ಎರಡು ಇನ್‌ವಾಯ್ಸ್! ಮಾಡಬೇಕಾದ್ದು ಹಳೆಯ ಐಆರ್‌ಎನ್ ತರಿಸಿಕೊಂಡು ಬಿಲ್ಲಿಗೆ ಹಚ್ಚುವುದು. ಪೋರ್ಟಲಿನಲ್ಲಿ ರದ್ದು ಮಾಡಲಿಕ್ಕೆ 24 ಗಂಟೆ ಮಾತ್ರ ಅವಕಾಶ, ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲಾಗದು. ಬ್ಯಾಂಕ್ ಪಾವತಿಗೂ ಇದೇ ಕಾಳಜಿ ಬೇಕು. ಪ್ರತಿ ಪಾವತಿಗೆ ಬದಲಾಗದ ಒಂದು ಗುರುತು ಸಂಖ್ಯೆ ಇರಲಿ. ಉತ್ತರ ಬಾರದಿದ್ದರೆ ಮೊದಲು ಸ್ಥಿತಿ ವಿಚಾರಿಸಿ, ಆಮೇಲೆ ಮರುಪ್ರಯತ್ನ.

ಅಘನಾಶಿನಿ (ಕುಮಟಾ)
ಮರುಪ್ರಯತ್ನ ಒಂದೇ ಹಂತದಲ್ಲಿರಲಿ. ಮೂರು ಹಂತ, ಪ್ರತಿ ಹಂತದಲ್ಲಿ ಮೂರು ಪ್ರಯತ್ನ ಎಂದರೆ ಕೊನೆಯವನ ಬಾಗಿಲಿಗೆ 27 ಕರೆ. ಮೊದಲೇ ಸೋತು ಮಲಗಿದ ಸರ್ವರ್ ಮತ್ತೆ ಏಳುವುದೇ ಇಲ್ಲ. ನಡುವೆ 1, 2, 4 ಸೆಕೆಂಡ್ ಬಿಡುವು ಕೊಟ್ಟು, ಎಲ್ಲ ಕರೆಗಳೂ ಒಂದೇ ಕ್ಷಣಕ್ಕೆ ಬೀಳದಂತೆ ಅದರಲ್ಲೂ ಸ್ವಲ್ಪ ಹಿಂದೆಮುಂದೆ ಮಾಡಿ. ಒಳಗಿನ ಕಾಯುವ ಅವಧಿ ಹೊರಗಿನದಕ್ಕಿಂತ ಕಡಿಮೆ ಇರಬೇಕು. ಪರದೆ 10 ಸೆಕೆಂಡಿಗೆ ಕೈಬಿಟ್ಟು ಒಳಗಿನ ಸೇವೆ 30 ಸೆಕೆಂಡ್ ಕಾಯುತ್ತಿದ್ದರೆ, ಗುಮಾಸ್ತರು ಮತ್ತೆ ಬಟನ್ ಒತ್ತುತ್ತಾರೆ, ಎರಡೂ ಕೆಲಸ ಒಳಗೆ ನಡೆಯುತ್ತವೆ.

ಶಾಖೆಗಳನ್ನು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದರೆ ಯಲ್ಲಾಪುರದಲ್ಲಿ ತೂಕವೂ ನಿಲ್ಲಬೇಕೇ? ತೂಕ ಅಲ್ಲೇ ದಾಖಲಾಗಿ, ಲೈನ್ ಬಂದಾಗ ಶಿರಸಿಗೆ ಸೇರಲಿ. ಲಾಟ್ ಸಂಖ್ಯೆಯ ಮುಂದೆ ಶಾಖೆಯ ಕೋಡ್ ಇದ್ದರೆ ಎರಡು ಕಡೆಯ ಸಂಖ್ಯೆ ಡಿಕ್ಕಿಯಾಗುವುದಿಲ್ಲ. ಟೆಂಡರಿಗೆ ಮಾತ್ರ ಈ ಸಡಿಲ ಬೇಡ. ದರ ಬಂದ ಸಮಯವನ್ನು ಮುಖ್ಯ ಸರ್ವರಿನ ಗಡಿಯಾರವೇ ಹೇಳಬೇಕು, ವ್ಯಾಪಾರಸ್ಥರ ಮೊಬೈಲ್ ಅಲ್ಲ.

ಕಾಳಿ ಸಂಗಮ
ಸದಸ್ಯರ ವಿವರವನ್ನೂ ಬೇರೆ ಸೇವೆ ಮಾಡಬೇಕು ಎನ್ನುವವ ನಾನು. ಕಿರಾಣಿ, ಅಡಿಕೆ ಎರಡಕ್ಕೂ ಅದು ಬೇಕು.

ದೇವಿಮನೆ ಘಟ್ಟ
ಒಪ್ಪುವುದಿಲ್ಲ. ಪ್ರತಿ ಬಿಲ್ಲಿಗೂ ಬೇಕಾದ್ದನ್ನು ನೆಟ್‌ವರ್ಕಿನ ಆಚೆ ಇಟ್ಟರೆ ಮತ್ತೆ ಅದೇ ಸರಪಳಿ. ಕಿರಾಣಿಗೆ ಹೆಸರು ಮತ್ತು ಸದಸ್ಯ ಸಂಖ್ಯೆಯ ನಕಲು ರಾತ್ರಿ ಹೋದರೆ ಸಾಕು. ನಿಜವಾದ ಗಡಿ ಇರುವುದು ಹಳ್ಳಿಯ ಸೊಸೈಟಿ ಸಾಲದಲ್ಲಿ. 2022ರಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಸಾಲದ ಲೆಕ್ಕ ಮಾರಾಟ ಸಂಘದ ಕೈಯಲ್ಲಿಲ್ಲ, ವಸೂಲಿ ಪಟ್ಟಿ ಹೊರಗಿನಿಂದಲೇ ಬರಬೇಕು. ಅದಕ್ಕೆ ಒಂದು ಸೇವೆ ಇಡಿ.

ಶಾಲ್ಮಲಾ ತೀರ
ಆಡಳಿತ ಮಂಡಳಿಗೆ ಯಾವ ಕ್ರಮದಲ್ಲಿ ಹೇಳಲಿ?

ಗಂಗಾವಳಿ
ಮೊದಲು ಎಸ್ಎಂಎಸ್. ತಪ್ಪಿದರೂ ಹಣ ಹೋಗುವುದಿಲ್ಲ, ಸರದಿ ಟೇಬಲ್ ಅಲ್ಲೇ ಪರೀಕ್ಷೆಯಾಗುತ್ತದೆ. ಆಮೇಲೆ ಇ-ಇನ್‌ವಾಯ್ಸ್, ನಂತರ ಪಾವತಿ. ಕಿರಾಣಿ ಕೊನೆಗೆ. ಪ್ರತಿ ಬಿಲ್ಲಿಗೂ ಎಲ್ಲ ಸೇವೆಯ ಲಾಗ್‌ನಲ್ಲಿ (ನಡೆದ ಕೆಲಸದ ದಾಖಲೆಯಲ್ಲಿ) ಒಂದೇ ಗುರುತು ಇರುವುದನ್ನು ಮೊದಲ ದಿನದಿಂದಲೇ ಕಡ್ಡಾಯ ಮಾಡಿ, ಇಲ್ಲದಿದ್ದರೆ ಕಾಣೆಯಾದ ಬಿಲ್ಲನ್ನು ಹುಡುಕಲು ಮೂವರೂ ಕೂರಬೇಕು.

ದೇವಿಮನೆ ಘಟ್ಟ
ಬದಲಾವಣೆಯನ್ನು ಆವಕ ಕಡಿಮೆ ಇರುವ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಏಪ್ರಿಲ್ 1 ಬೇಡವೇ ಬೇಡ: ಚಾಲಿ ಬರುವ ಹೊತ್ತು, ಅದೇ ದಿನ ಬಿಲ್ ಸರಣಿಯೂ ಹೊಸದು.

ಅಘನಾಶಿನಿ
ಕರಾರಿನಲ್ಲಿ ಎಪಿಐ (ಪ್ರೋಗ್ರಾಂಗಳು ಒಂದನ್ನೊಂದು ಕರೆಯುವ ವಿಧಾನ) ವಿವರಣೆಯ ಕಡತ, ಡೇಟಾಬೇಸಿನ ನಕ್ಷೆ, ಪರೀಕ್ಷಾ ಸರ್ವರ್ ಈ ಮೂರೂ ಸಂಘದ ಸ್ವತ್ತು ಎಂದು ಬರೆಸಿ. ಕೊನೆಯ ಕಂತಿನ ಹಣವನ್ನು ಅವು ಕೈಗೆ ಬಂದ ಮೇಲೆಯೇ ಕೊಡಿ.